ಒಂದೇ ಅಳತೆಯ ಎರಡು ದಾರಿಗಳು

ಲಿಸ್ಬನ್ ನಗರಕ್ಕೂ ಹೆಲ್ಸಿಂಕಿ ನಗರಕ್ಕೂ ಎಷ್ಟು ದೂರ ಎಂದು ಇಂದಿನ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಆತ ಮೊಬೈಲಿನ ಗಾಜನ್ನು ಎರಡು ಬಾರಿ ತಟ್ಟಿ ಉತ್ತರ ಹೇಳುತ್ತಾನೆ: ಸುಮಾರು 3,360 ಕಿ.ಮೀ.; ವಿಮಾನದಲ್ಲಿ ಐದು ಗಂಟೆಗೆ ತುಸು ಕಡಿಮೆ. ಉತ್ತರ ಸರಿಯಾಗಿಯೇ ಇದೆ. ಪೂರ್ಣ ಅಂಕ ಕೊಡಲೇಬೇಕು. ಆದರೆ ಇಷ್ಟಕ್ಕೇ ಪಾಠ ಮುಗಿಯಿತೆಂದು ಪುಸ್ತಕ ಮುಚ್ಚುವ ಅಭ್ಯಾಸವಿದೆಯಲ್ಲ, ಅದರ ಬಗ್ಗೆ ನನ್ನ ತಕರಾರಿದೆ. ಮೂರು ದಶಕಗಳ ಕಾಲ ಪ್ರೌಢಶಾಲೆಯಲ್ಲಿ ಭೂಗೋಳವನ್ನು ಬೋಧಿಸಿದ ನನಗೆ, ಎರಡು ಊರುಗಳ ನಡುವಿನ ದೂರವೆಂಬ ಈ ಸಣ್ಣ ಪ್ರಶ್ನೆಯಲ್ಲಿ ಗಣಿತ, ಗಾಳಿ, ಗಡಿಯಾರ, ಕಾನೂನು ಮತ್ತು ಮನುಷ್ಯರ ದುಃಖ ಇವೆಲ್ಲವೂ ಅಡಗಿ ಕುಳಿತಿವೆ ಎಂದು ಬಲವಾಗಿ ಅನ್ನಿಸುತ್ತದೆ. ಅದನ್ನು ಓದುಗ ಮಿತ್ರರ ಮುಂದೆ ಇರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸಂಖ್ಯೆಯನ್ನೇ ನೋಡೋಣ. 3,360 ಕಿ.ಮೀ. ಎಂದರೆ ಯಾವ ದಾರಿಯ ಅಳತೆ? ತರಗತಿಯಲ್ಲಿ ನಾನು ಈ ಪ್ರಶ್ನೆಗೆ ಉತ್ತರವನ್ನು ಒಂದು ಎಳೆ ಹೊಲಿಗೆದಾರದಿಂದ ಕಲಿಸುತ್ತಿದ್ದೆ. ಗೋಡೆಯ ಮೇಲಿನ ಭೂಪಟದಲ್ಲಿ ಎರಡು ನಗರಗಳ ನಡುವೆ ಸ್ಕೇಲನ್ನಿಟ್ಟು ಗೆರೆ ಎಳೆಯುವುದು ಸುಲಭ. ಆದರೆ ಭೂಮಿ ಗೋಡೆಯಂತೆ ಚಪ್ಪಟೆಯಲ್ಲವಷ್ಟೆ. ಭೂಗೋಳದ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದಾಗ ಅದು ತಾನಾಗಿಯೇ ಆರಿಸಿಕೊಳ್ಳುವ ದಾರಿಯೇ ಅತ್ಯಂತ ಹತ್ತಿರದ ದಾರಿ. ಇದನ್ನೇ ಮಹಾವೃತ್ತದ ದಾರಿ ಎನ್ನುತ್ತೇವೆ. ಲಿಸ್ಬನ್‌ನಿಂದ ಹೊರಟ ಆ ದಾರದ ನಟ್ಟನಡುವಿನ ಬಿಂದು ಬೆಲ್ಜಿಯಂ ದೇಶದ ಮೇಲೆ ಬೀಳುತ್ತದೆ. ಗೋಡೆಯ ಭೂಪಟವನ್ನು ನಂಬಿ ಲೆಕ್ಕ ಹಾಕಿದ ಹುಡುಗನಿಗೆ ದಾರಿ ಬೇರೆಯಾಗಿ, ದೂರ ಬಹಳ ಹೆಚ್ಚಾಗಿ ಕಾಣುತ್ತದೆ. ಏಕೆಂದರೆ 1569ರಲ್ಲಿ ಮರ್ಕೇಟರ್ ರಚಿಸಿದ ಮಾದರಿಯ ಭೂಪಟಗಳು ಉತ್ತರಕ್ಕೆ ಹೋದಂತೆ ನೆಲವನ್ನು ಹಿಗ್ಗಿಸುತ್ತವೆ. ಹೆಲ್ಸಿಂಕಿ ಇರುವುದು 60 ಡಿಗ್ರಿ ಉತ್ತರ ಅಕ್ಷಾಂಶದ ಬಳಿ. ಸಮಭಾಜಕದ ಮೇಲೆ ಒಂದು ಡಿಗ್ರಿ ರೇಖಾಂಶಕ್ಕೆ 111 ಕಿ.ಮೀ. ಇದ್ದರೆ, ಅಲ್ಲಿ ಅದು ಅರ್ಧಕ್ಕೆ, ಅಂದರೆ ಸುಮಾರು 55 ಕಿ.ಮೀ.ಗೆ ಕುಗ್ಗಿರುತ್ತದೆ. ಭೂಪಟ ಮಾತ್ರ ಎರಡನ್ನೂ ಒಂದೇ ಅಗಲದಲ್ಲಿ ಬರೆದಿರುತ್ತದೆ.

ದಾರದ ಅಳತೆ ಹಕ್ಕಿಗೆ ಸರಿ, ವಿಮಾನಕ್ಕೂ ಹೆಚ್ಚುಕಡಿಮೆ ಸರಿ. ನೆಲದ ಮೇಲೆ ನಡೆಯುವವನಿಗೆ ಅದು ಸಲ್ಲದು. ಲಿಸ್ಬನ್‌ನಿಂದ ಪ್ಯಾರಿಸ್, ಬರ್ಲಿನ್, ವಾರ್ಸಾಗಳನ್ನು ಹಾದು ಟಾಲಿನ್ ತಲುಪಿ, ಅಲ್ಲಿಂದ ಫಿನ್ಲೆಂಡ್ ಕೊಲ್ಲಿಯ ಸುಮಾರು 80 ಕಿ.ಮೀ. ನೀರನ್ನು ಹಡಗಿನಲ್ಲಿ ದಾಟಿ ಹೆಲ್ಸಿಂಕಿ ಸೇರುವ ರಸ್ತೆ ಪ್ರಯಾಣ ನಾಲ್ಕು ಸಾವಿರ ಕಿ.ಮೀ.ಗಳನ್ನು ಮೀರುತ್ತದೆ. ರೈಲಿನಲ್ಲಿ ಹೋಗುತ್ತೇನೆ ಎಂದರೆ ಇನ್ನೊಂದು ಸ್ವಾರಸ್ಯ. ಪೋರ್ಚುಗಲ್ ಮತ್ತು ಸ್ಪೇನ್ ದೇಶಗಳ ಹಳೆಯ ಹಳಿಗಳ ಅಗಲ 1,668 ಮಿ.ಮೀ.; ನಮ್ಮ ಬ್ರಾಡ್‌ಗೇಜಿನ 1,676 ಮಿ.ಮೀ.ಗೆ ಬಹಳ ಸಮೀಪ. ಫ್ರಾನ್ಸಿನಿಂದ ಪೋಲೆಂಡಿನವರೆಗೆ 1,435. ಬಾಲ್ಟಿಕ್ ದೇಶಗಳಲ್ಲಿ 1,520. ಫಿನ್ಲೆಂಡಿನಲ್ಲಿ 1,524. ಒಂದೇ ಖಂಡದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುವಷ್ಟರಲ್ಲಿ ಹಳಿಯ ಅಗಲ ಮೂರು ಬಾರಿ ಬದಲಾಗುತ್ತದೆ. ಲಿಸ್ಬನ್‌ನಿಂದ ಫ್ರಾನ್ಸಿನ ಗಡಿಗೆ 1887ರಿಂದ ಹೆಸರುವಾಸಿಯಾಗಿದ್ದ ಸುದ್ ಎಕ್ಸ್‌ಪ್ರೆಸ್ ರೈಲು 2020ರ ಮಾರ್ಚ್ ತಿಂಗಳಿನಲ್ಲಿ ಕೋವಿಡ್ ಕಾರಣದಿಂದ ನಿಂತಿತು. ಹೀಗೆ ನೆಲದ ದೂರವೆಂಬುದು ಹಿಂದಿನವರು ಹಾಕಿದ ಹಳಿಗಳನ್ನೂ ಇಂದಿನವರು ನಿಲ್ಲಿಸಿದ ಗಾಡಿಗಳನ್ನೂ ಅವಲಂಬಿಸಿದೆ.

ಇನ್ನು ಕಾಲದ ವಿಷಯ. ನಮ್ಮ ಹಿರಿಯರು ದೂರವನ್ನು ಕಾಲದಿಂದಲೇ ಹೇಳುತ್ತಿದ್ದರು. ಕೂಗಳತೆ, ಹರದಾರಿ, ಗಾವುದ ಎಂಬ ಮಾತುಗಳ ಜೊತೆಗೆ 'ಒಂದು ಹೊತ್ತಿನ ದಾರಿ', 'ಬುತ್ತಿ ಕಟ್ಟಿಕೊಂಡು ಹೋಗುವಷ್ಟು ದೂರ' ಎಂಬ ಮಾತುಗಳೂ ಇದ್ದವು. ಗಾಡಿಯ ಎತ್ತು, ನಡುವಿನ ಹಳ್ಳ, ಮಳೆಯ ಕಾಲ ಇವೆಲ್ಲ ಆ ಅಳತೆಯೊಳಗೇ ಸೇರಿರುತ್ತಿದ್ದವು. ವಿಮಾನಯಾನವೂ ಅದೇ ಪದ್ಧತಿಗೆ ಹಿಂದಿರುಗಿದೆ ಎಂದರೆ ಆಶ್ಚರ್ಯವಾದೀತು. 3,360 ಕಿ.ಮೀ.ಗಳನ್ನು ಗಂಟೆಗೆ 850 ಕಿ.ಮೀ. ವೇಗದಿಂದ ಭಾಗಿಸಿದರೆ ನಾಲ್ಕು ಗಂಟೆಗೂ ತುಸು ಕಡಿಮೆ ಬರುತ್ತದೆ. ವಿಮಾನ ಸಂಸ್ಥೆಗಳ ವೇಳಾಪಟ್ಟಿಯಲ್ಲಿ ಮಾತ್ರ ಲಿಸ್ಬನ್‌ನಿಂದ ಹೆಲ್ಸಿಂಕಿಗೆ ಸುಮಾರು ನಾಲ್ಕೂ ಮುಕ್ಕಾಲು ಗಂಟೆ, ಹಿಂದಿರುಗುವಾಗ ಸುಮಾರು ಐದು ಗಂಟೆ ಎಂದಿರುತ್ತದೆ. ಏಕೆ? ವಿಮಾನ ನಿಲ್ದಾಣದ ಬಾಗಿಲು ಬಿಟ್ಟ ಕ್ಷಣದಿಂದ ಇನ್ನೊಂದು ನಿಲ್ದಾಣದ ಬಾಗಿಲು ಮುಟ್ಟುವ ಕ್ಷಣದವರೆಗಿನ ಕಾಲವನ್ನು ಅವರು ಎಣಿಸುತ್ತಾರೆ. ನೆಲದ ಮೇಲೆ ಉರುಳುವುದು, ಮೇಲೇರುವುದು, ಸರದಿ ಕಾಯುವುದು, ಇಳಿಯುವುದು ಎಲ್ಲವೂ ಅದರಲ್ಲಿ ಸೇರುತ್ತದೆ. ಹಿಂದಿರುಗುವಾಗ ಹೆಚ್ಚು ಹೊತ್ತು ಹಿಡಿಯಲು ಕಾರಣ, ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಪ್ರಬಲ ಗಾಳಿ. ಹೋಗುವಾಗ ಬೆನ್ನು ತಟ್ಟಿದ ಗಾಳಿ ಬರುವಾಗ ಎದೆಗೆ ಎದುರಾಗುತ್ತದೆ.

ಗಡಿಯಾರದ ತಮಾಷೆಯನ್ನೂ ಬಿಡುವಂತಿಲ್ಲ. ಹೆಲ್ಸಿಂಕಿಯ ಗಡಿಯಾರ ಲಿಸ್ಬನ್ನಿನದಕ್ಕಿಂತ ಎರಡು ಗಂಟೆ ಮುಂದಿದೆ. ಬೆಳಿಗ್ಗೆ 10 ಗಂಟೆಗೆ ಲಿಸ್ಬನ್ ಬಿಟ್ಟವನು ಹೆಲ್ಸಿಂಕಿಯಲ್ಲಿ ಇಳಿದಾಗ ಅಲ್ಲಿನ ಗಡಿಯಾರ ಸಂಜೆ 4-45 ತೋರಿಸುತ್ತದೆ. ಕಳೆದದ್ದು ಆರೂ ಮುಕ್ಕಾಲು ಗಂಟೆಯೆಂದು ಭ್ರಮೆಯಾಗುತ್ತದೆ. ಮರಳುವಾಗ ಬೆಳಿಗ್ಗೆ 10ಕ್ಕೆ ಹೊರಟರೆ ಲಿಸ್ಬನ್ನಿನಲ್ಲಿ ಮಧ್ಯಾಹ್ನ 1 ಗಂಟೆ. ಮೂರೇ ಗಂಟೆಯ ಪ್ರಯಾಣದಂತೆ ತೋರುತ್ತದೆ. ಈ ಎರಡನ್ನೂ ಕೂಡಿಸಿ ಅರ್ಧ ಮಾಡಿರಿ: ಒಂಬತ್ತೂ ಮುಕ್ಕಾಲು ಗಂಟೆಯ ಅರ್ಧ, ಸುಮಾರು ನಾಲ್ಕು ಗಂಟೆ 52 ನಿಮಿಷ. ಗಡಿಯಾರದ ವ್ಯತ್ಯಾಸ ಪೂರ್ತಿಯಾಗಿ, ಗಾಳಿಯ ಉಪಕಾರ ಅಪಕಾರಗಳು ಬಹುಮಟ್ಟಿಗೆ, ಒಂದನ್ನೊಂದು ಹೊಡೆದುಹಾಕುತ್ತವೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಇಂಥ ಲೆಕ್ಕವನ್ನು ಕೊಟ್ಟಾಗ ಅವರ ಮುಖ ಅರಳುವುದನ್ನು ನಾನು ನೋಡಿದ್ದೇನೆ. ಇಷ್ಟನ್ನು ಕಲಿಸುವ ಶಿಕ್ಷಕರು ನಮ್ಮಲ್ಲಿ ಇಂದಿಗೂ ಇದ್ದಾರೆ. ಅವರಿಗೆ ನನ್ನ ನಮಸ್ಕಾರ.

ಆದರೆ ಇಲ್ಲಿಯವರೆಗೆ ಹೇಳಿದ್ದೆಲ್ಲವೂ ಪ್ರಕೃತಿಯ ಮಾತು. ಈಗ ಅದೇ ದಾರವನ್ನು ಭೂಗೋಳದ ಮೇಲೆ ಸ್ವಲ್ಪ ತಿರುಗಿಸೋಣ. ಒಂದು ತುದಿ ಲಿಸ್ಬನ್ನಿನಲ್ಲೇ ಇರಲಿ. ಇನ್ನೊಂದು ತುದಿಯನ್ನು ಹೆಲ್ಸಿಂಕಿಯಿಂದ ಎತ್ತಿ ದಕ್ಷಿಣಕ್ಕೆ, ಉಕ್ರೇನಿನ ರಾಜಧಾನಿ ಕೀವ್ ನಗರಕ್ಕೆ ತನ್ನಿರಿ. ದಾರ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಬೀಳುವುದಿಲ್ಲ! ಲಿಸ್ಬನ್‌ನಿಂದ ಕೀವ್‌ಗೆ ಸುಮಾರು 3,350 ಕಿ.ಮೀ.; ಹೆಲ್ಸಿಂಕಿಯ ದೂರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಂದು ನಗರದ ಅಗಲಕ್ಕಿಂತಲೂ ಕಿರಿದು. ಈ ದಾರದ ನಡುಬಿಂದು ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತಗಳ ಮೇಲೆ ಬೀಳುತ್ತದೆ. ಕೀವ್‌ನ ಗಡಿಯಾರವೂ ಹೆಲ್ಸಿಂಕಿಯಂತೆಯೇ ಲಿಸ್ಬನ್ನಿಗಿಂತ ಎರಡು ಗಂಟೆ ಮುಂದೆ. ಪಠ್ಯಪುಸ್ತಕದ ಲೆಕ್ಕದಲ್ಲಿ ಇವೆರಡೂ ಒಂದೇ ಪ್ರಶ್ನೆ, ಒಂದೇ ಉತ್ತರ. 2022ಕ್ಕೆ ಮೊದಲು ಇಲ್ಲಿಯೂ ನೇರ ವಿಮಾನಗಳು ಹಾರುತ್ತಿದ್ದವು. ಸುಮಾರು 2000ದ ಇಸವಿಯಿಂದ ಈಚೆಗೆ ಬಹುಸಂಖ್ಯೆಯಲ್ಲಿ ಉಕ್ರೇನಿಯರು ಪೋರ್ಚುಗಲ್ಲಿಗೆ ದುಡಿಯಲು ಹೋಗಿ ನೆಲೆಸಿದ್ದರಿಂದ ಆ ದಾರಿ ಬರಿಯ ಪ್ರವಾಸಿಗರದಾಗಿರಲಿಲ್ಲ. ತಾಯಿಯನ್ನು ನೋಡಲು ಬರುವ ಮಗಳ ದಾರಿ, ಮೊಮ್ಮಗನನ್ನು ನೋಡಲು ಹೋಗುವ ಅಜ್ಜಿಯ ದಾರಿ ಅದಾಗಿತ್ತು.

2022ರ ಫೆಬ್ರವರಿ 24ರ ಬೆಳಗಿನಲ್ಲಿ ರಷ್ಯಾದ ಸೇನೆ ಉಕ್ರೇನಿನ ಮೇಲೆರಗಿತು. ಅದೇ ದಿನ ಉಕ್ರೇನ್ ತನ್ನ ಆಕಾಶವನ್ನು ನಾಗರಿಕ ವಿಮಾನಗಳಿಗೆ ಮುಚ್ಚಿತು. ಅಂದು ನಮ್ಮ ದೆಹಲಿಯಿಂದ ಕೀವ್‌ಗೆ ಹೊರಟಿದ್ದ ಏರ್ ಇಂಡಿಯಾ ವಿಮಾನವೊಂದು ಮಾರ್ಗಮಧ್ಯದಿಂದಲೇ ಹಿಂದಿರುಗಬೇಕಾಯಿತು. ಆ ದಿನದಿಂದ ಕೀವ್ ಮತ್ತು ಲಿಸ್ಬನ್‌ಗಳ ನಡುವಿನ ವಿಮಾನದ ಕಾಲ ಎಷ್ಟು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲದಾಯಿತು. ಕೀವ್‌ನಿಂದ ಹೊರಡುವವರು ಪೋಲೆಂಡಿನ ಗಡಿಗೆ ರೈಲು ಹಿಡಿಯಬೇಕು. ಹಳಿಯ ಅಗಲ 1,520ರಿಂದ 1,435ಕ್ಕೆ ಬದಲಾಗುವುದರಿಂದ ಅಲ್ಲಿ ಗಾಡಿ ಬದಲಿಸಬೇಕು, ಇಲ್ಲವೇ ಗಾಲಿಗಳನ್ನು ಬದಲಿಸುವವರೆಗೆ ಕಾಯಬೇಕು. ತಪಾಸಣೆಗಳನ್ನು ಮುಗಿಸಿ ವಾರ್ಸಾ ಮುಟ್ಟಿ, ಅಲ್ಲಿಂದ ಇನ್ನೂ ಸುಮಾರು ನಾಲ್ಕು ಗಂಟೆ ಹಾರಬೇಕು. ಐದು ಗಂಟೆಯ ದಾರಿ ಒಂದು ಹಗಲು ಒಂದು ರಾತ್ರಿಯ ದಾರಿಯಾಯಿತು. ದೊಡ್ಡವರಿಗೂ ಇದರಿಂದ ವಿನಾಯಿತಿ ದೊರೆಯಲಿಲ್ಲ. 2023ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಬೈಡನ್, 2024ರ ಆಗಸ್ಟ್ 23ರಂದು ನಮ್ಮ ಪ್ರಧಾನಿ ಮೋದಿಯವರು ಪೋಲೆಂಡಿನಿಂದ ಸುಮಾರು ಹತ್ತು ಗಂಟೆಗಳ ರೈಲು ಪ್ರಯಾಣ ಮಾಡಿಯೇ ಕೀವ್ ತಲುಪಿದರು.

ಅದಕ್ಕಿಂತ ಉದ್ದವಾದ ದೂರವೊಂದಿದೆ. ಯುದ್ಧಕಾಲದ ಕಾನೂನಿನಂತೆ 18ರಿಂದ 60 ವರ್ಷ ವಯಸ್ಸಿನ ಗಂಡಸರು ಕೆಲವು ವಿನಾಯಿತಿಗಳ ಹೊರತು ದೇಶ ಬಿಡುವಂತಿಲ್ಲವೆಂದು ಉಕ್ರೇನ್ 2022ರಲ್ಲಿ ವಿಧಿಸಿತು. 2025ರ ಆಗಸ್ಟ್‌ನಲ್ಲಿ 18ರಿಂದ 22 ವರ್ಷದವರಿಗೆ ಮಾತ್ರ ಇದನ್ನು ಸಡಿಲಿಸಲಾಯಿತು. ಹೆಂಡತಿ ಮಕ್ಕಳು ಲಿಸ್ಬನ್ನಿನಲ್ಲಿಯೂ ತಾನು ಕೀವ್‌ನಲ್ಲಿಯೂ ಇರುವ ನಲವತ್ತು ವರ್ಷದ ಗೃಹಸ್ಥನಿಗೆ ಈ 3,350 ಕಿ.ಮೀ.ಗಳನ್ನು ಯಾವ ವೇಗದಿಂದ ಭಾಗಿಸಿ ಉತ್ತರ ಹೇಳಬೇಕು? ಆ ಕಾನೂನಿನ ಸರಿತಪ್ಪನ್ನು ನಾನಿಲ್ಲಿ ವಿಚಾರಿಸಹೊರಟಿಲ್ಲ. ಎರಗಿಬಂದವನನ್ನು ಎದುರಿಸುವ ದೇಶಕ್ಕೆ ತನ್ನವೇ ಕಾರಣಗಳಿರುತ್ತವೆ. ದೂರದ ಅಳತೆಯಲ್ಲಿ ಅನುಮತಿ ಎಂಬುದೂ ಒಂದು ಅಂಶವೆಂದು ಹೇಳುವುದಷ್ಟೇ ನನ್ನ ಉದ್ದೇಶ.

ಹೆಲ್ಸಿಂಕಿಯ ದಾರಿ ಸುಗಮವಾಗಿರುವುದಕ್ಕೂ ಕಾರಣ ಪ್ರಕೃತಿಯಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. 1944ರ ಡಿಸೆಂಬರ್ 7ರಂದು ಷಿಕಾಗೋದಲ್ಲಿ ಸಹಿಯಾದ ಅಂತರರಾಷ್ಟ್ರೀಯ ಒಪ್ಪಂದದಂತೆ ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದಲ್ಲಿ ಸಂಪೂರ್ಣ ಒಡೆತನವಿದೆ. ಆಕಾಶ ಎಲ್ಲರದು ಎಂಬ ಕವಿವಾಣಿ ವಿಮಾನಗಳಿಗೆ ಅನ್ವಯಿಸುವುದಿಲ್ಲ. ಲಿಸ್ಬನ್‌ನಿಂದ ಹೆಲ್ಸಿಂಕಿಗೆ ಹೋಗುವ ವಿಮಾನ ಸ್ಪೇನ್, ಫ್ರಾನ್ಸ್, ಬೆಲ್ಜಿಯಂ ಮುಂತಾದ ಅನೇಕ ದೇಶಗಳ ತಲೆಯ ಮೇಲೆ ಹಾದುಹೋಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಪರಸ್ಪರ ಯುದ್ಧ ಮಾಡಿ ನೆಲ ತೋಯಿಸಿದ ದೇಶಗಳೂ ಇವುಗಳಲ್ಲಿವೆ. 1997ರ ಹೊತ್ತಿಗೆ ಯೂರೋಪಿನ ಒಕ್ಕೂಟ ತನ್ನೊಳಗೆ ವಿಮಾನಯಾನದ ಒಂದೇ ಮಾರುಕಟ್ಟೆಯನ್ನು ಪೂರ್ಣಗೊಳಿಸಿತು. ಪೋರ್ಚುಗಲ್ 1995ರಲ್ಲಿಯೂ ಫಿನ್ಲೆಂಡ್ 2001ರಲ್ಲಿಯೂ ಷೆಂಗೆನ್ ವ್ಯವಸ್ಥೆಗೆ ಸೇರಿ ಪರಸ್ಪರ ಗಡಿ ತಪಾಸಣೆಯನ್ನು ಕೈಬಿಟ್ಟವು. ಇಷ್ಟೆಲ್ಲ ಸಹಿಗಳು, ಇಷ್ಟು ವರ್ಷಗಳ ನಂಬಿಕೆ ಸೇರಿ ಆ 'ಐದು ಗಂಟೆ' ಎಂಬ ಉತ್ತರವಾಗಿದೆ.

ನಂಬಿಕೆ ಕೆಟ್ಟಾಗ ಏನಾಗುತ್ತದೆಂಬುದಕ್ಕೆ ಅದೇ ಹೆಲ್ಸಿಂಕಿಯ ಇನ್ನೊಂದು ಬದಿಯನ್ನು ನೋಡಿರಿ. ಅಲ್ಲಿಂದ ಸೇಂಟ್ ಪೀಟರ್ಸ್‌ಬರ್ಗ್ ಸುಮಾರು 300 ಕಿ.ಮೀ. 2010ರಲ್ಲಿ ಆರಂಭವಾದ ಅಲೆಗ್ರೋ ಎಂಬ ರೈಲು ಮೂರೂವರೆ ಗಂಟೆಯಲ್ಲಿ ಒಯ್ಯುತ್ತಿತ್ತು. 2022ರ ಮಾರ್ಚ್ 27ರಂದು ಅದರ ಕೊನೆಯ ಓಟ. 2022ರ ಫೆಬ್ರವರಿ ಕೊನೆಯಲ್ಲಿ ಯೂರೋಪ್ ಒಕ್ಕೂಟವೂ ರಷ್ಯಾವೂ ಪರಸ್ಪರರ ವಿಮಾನಗಳಿಗೆ ಆಕಾಶವನ್ನು ಮುಚ್ಚಿದವು. ಏಷ್ಯಾಕ್ಕೆ ಅತಿ ಹತ್ತಿರದ ದಾರಿ ತಮ್ಮದೆಂದು ಹೆಮ್ಮೆಪಡುತ್ತಿದ್ದ ಫಿನ್ಲೆಂಡಿನ ಫಿನ್‌ಏರ್ ಸಂಸ್ಥೆಗೆ ಹೆಲ್ಸಿಂಕಿ-ಟೋಕಿಯೋ ಪ್ರಯಾಣ ಒಂಬತ್ತೂವರೆ ಗಂಟೆಯಿಂದ ಸುಮಾರು ಹದಿಮೂರು ಗಂಟೆಗೆ ಏರಿತು. ವಿಮಾನಗಳು ಉತ್ತರ ಧ್ರುವದ ಮೇಲಿನಿಂದ ಸುತ್ತಿಕೊಂಡು ಹಾರತೊಡಗಿದವು. 1983ರಲ್ಲಿ, ಶೀತಲ ಸಮರದ ಕಾಲದಲ್ಲಿ, ಇದೇ ಸಂಸ್ಥೆ ಇದೇ ಧ್ರುವದ ದಾರಿಯಿಂದ ಟೋಕಿಯೋಗೆ ಹಾರಾಟ ಆರಂಭಿಸಿತ್ತು. ಸುಮಾರು ನಲವತ್ತು ವರ್ಷಗಳ ವಿಜ್ಞಾನದ ಪ್ರಗತಿಯ ನಂತರ ವಿಮಾನ ಮತ್ತೆ ಹಳೆಯ ಬಳಸುದಾರಿಗೆ ಬಂದು ನಿಂತಿತು! ನಮ್ಮವರಿಗೂ ಇದು ಅಪರಿಚಿತವಲ್ಲ. 2019ರ ಫೆಬ್ರವರಿಯಿಂದ ಜುಲೈವರೆಗೆ, ಮತ್ತು 2025ರ ಏಪ್ರಿಲ್‌ನಿಂದ ಪುನಃ, ಪಾಕಿಸ್ತಾನದ ಆಕಾಶ ನಮ್ಮ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಯೂರೋಪಿಗೆ ಹೋಗುವವರು ಸುತ್ತುದಾರಿ ಹಿಡಿಯಬೇಕಾಯಿತು.

ಪ್ರಕೃತಿಯೂ ಆಕಾಶವನ್ನು ಮುಚ್ಚಬಲ್ಲದು. 2010ರ ಏಪ್ರಿಲ್‌ನಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿಯ ಬೂದಿ ಹರಡಿ ಯೂರೋಪಿನ ಬಹುಭಾಗದಲ್ಲಿ ಸುಮಾರು ಆರು ದಿನ ವಿಮಾನಗಳು ನಿಂತುಹೋದವು. ಒಂದು ಲಕ್ಷದಷ್ಟು ಹಾರಾಟಗಳು ರದ್ದಾದವು. ಬೂದಿ ಇಳಿಯಿತು, ದಾರಿ ತೆರೆಯಿತು. ಮನುಷ್ಯರ ವೈರದ ಬೂದಿ ಅಷ್ಟು ಬೇಗ ಇಳಿಯುವುದಿಲ್ಲ. ಮುಚ್ಚಬೇಕಾದಾಗ ಪೂರ್ತಿಯಾಗಿ ಮುಚ್ಚದಿದ್ದರೂ ಅಪಾಯವೇ. 2014ರ ಜುಲೈ 17ರಂದು ಆಮ್‌ಸ್ಟರ್‌ಡ್ಯಾಮಿನಿಂದ ಕ್ವಾಲಾಲಂಪುರಕ್ಕೆ ಹೊರಟ ಮಲೇಷ್ಯಾದ ವಿಮಾನ ಪೂರ್ವ ಉಕ್ರೇನಿನ ಮೇಲೆ ಕ್ಷಿಪಣಿಗೆ ತುತ್ತಾಗಿ 298 ಮಂದಿ ಸತ್ತರು. ಅಂದು ಅಲ್ಲಿನ ಆಕಾಶವನ್ನು 32,000 ಅಡಿಯವರೆಗೆ ಮುಚ್ಚಲಾಗಿತ್ತು. ಆ ವಿಮಾನ 33,000 ಅಡಿಯಲ್ಲಿತ್ತು. ಕಾಗದದ ಮೇಲೆ ಒಂದು ಸಾವಿರ ಅಡಿಯ ಸುರಕ್ಷತೆ ಇತ್ತು.

"ಇದೆಲ್ಲ ಸರಿ ಮೇಷ್ಟ್ರೇ, ಲಿಸ್ಬನ್ನು, ಕೀವ್ ಎಂದರೆ ನಮ್ಮ ಹಳ್ಳಿಯ ಮಕ್ಕಳಿಗೇನು?" ಎಂದು ಕೇಳುವವರಿದ್ದಾರೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಾವು ಬಲ್ಲೆವು. ಬೆಟ್ಟ ದೂರದಲ್ಲೇ ಇದ್ದುಬಿಡುತ್ತದೆಂಬ ಭರವಸೆ ಮಾತ್ರ ಯಾರಿಗೂ ಇಲ್ಲ. 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದವನು ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ. ಅವನ ದೇಹ ಬೆಂಗಳೂರಿಗೆ ಬಂದದ್ದು ಮಾರ್ಚ್ 21ರಂದು. ಶಾಂತಿಯ ದಿನಗಳಲ್ಲಿ ಒಂದು ಹಗಲು ರಾತ್ರಿಯೊಳಗೆ ಮುಗಿಯಬಹುದಾದ ಪ್ರಯಾಣಕ್ಕೆ ಇಪ್ಪತ್ತು ದಿನ. ಅವನ ತಂದೆತಾಯಿಗಳು ಆ ದಿನಗಳನ್ನು ಹೇಗೆ ಎಣಿಸಿದರೆಂಬುದನ್ನು ಊಹಿಸಲೂ ನನ್ನಿಂದಾಗದು. ಅವನ ಜೊತೆಯ ಸಾವಿರಾರು ವಿದ್ಯಾರ್ಥಿಗಳು ರೈಲು, ಬಸ್ಸುಗಳಲ್ಲಿ, ಕೆಲವೆಡೆ ಕಾಲ್ನಡಿಗೆಯಲ್ಲಿ, ಪೋಲೆಂಡ್, ಹಂಗೇರಿ, ರುಮೇನಿಯಾ, ಸ್ಲೊವಾಕಿಯಾಗಳ ಗಡಿಗೆ ಬಂದು ಅಲ್ಲಿಂದ ವಿಮಾನ ಹತ್ತಿದರು. 'ಆಪರೇಷನ್ ಗಂಗಾ' ಹೆಸರಿನ ಆ ಕಾರ್ಯಾಚರಣೆಯ ಕಾಲದಲ್ಲಿ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಭಾರತೀಯರು ಉಕ್ರೇನಿನಿಂದ ಹಿಂದಿರುಗಿದರು. ಮಗನನ್ನು ವಿದೇಶಕ್ಕೆ ಓದಲು ಕಳುಹಿಸುವ ರೈತ ಟಿಕೆಟ್ಟಿನ ಮೇಲಿನ ಗಂಟೆಗಳನ್ನಷ್ಟೇ ನೋಡುತ್ತಾನೆ. ಆ ಗಂಟೆಗಳ ಹಿಂದೆ ಯಾವ ಯಾವ ದೇಶಗಳ ಸ್ನೇಹ ನಿಂತಿದೆಯೆಂದು ಹೇಳಿಕೊಡಬೇಕಾದದ್ದು ಶಾಲೆಯಲ್ಲವೇ?

ಇನ್ನೊಂದು ಆಕ್ಷೇಪ ಹೆಚ್ಚು ನ್ಯಾಯವಾದದ್ದು. ಮಕ್ಕಳಿಗೆ ಮೊದಲು ಸರಳವಾದ ಸಂಖ್ಯೆ ಬೇಕು, ರಾಜಕೀಯವನ್ನು ಬೆರೆಸಿದರೆ ಗೊಂದಲವಾಗುತ್ತದೆ ಎಂಬುದು. ಒಪ್ಪುತ್ತೇನೆ. ಐದನೆಯ ತರಗತಿಯ ಮಗುವಿಗೆ ಭೂಗೋಳ ಮತ್ತು ದಾರ ಸಾಕು. ಎಂಟು, ಒಂಬತ್ತರಲ್ಲಿ ಗಾಳಿ, ರೇಖಾಂಶ, ಗಡಿಯಾರ ಬರಲಿ. ಹತ್ತನೆಯ ತರಗತಿಗೆ ಬಂದ ವಿದ್ಯಾರ್ಥಿಗೆ ಮಾತ್ರ ಲಿಸ್ಬನ್, ಹೆಲ್ಸಿಂಕಿ, ಕೀವ್ ಎಂಬ ಮೂರು ಚುಕ್ಕೆಗಳನ್ನು ಕೊಟ್ಟು, "ಎರಡೂ ದಾರಿ ಸಮಾನ, ಒಂದರಲ್ಲಿ ವಿಮಾನ ಹಾರುತ್ತಿದ್ದಾಗ ಇನ್ನೊಂದರಲ್ಲಿ ಏಕೆ ನಿಂತಿತು?" ಎಂದು ಕೇಳಲೇಬೇಕು. ಸಂಖ್ಯೆಯನ್ನು ಹುಡುಕಿಕೊಡಲು ಇಂದು ಯಂತ್ರವಿದೆ. ಸಂಖ್ಯೆ ಸರಿಯಿದ್ದೂ ದಾರಿ ಏಕೆ ಇಲ್ಲವೆಂದು ಯೋಚಿಸುವ ಅಭ್ಯಾಸವನ್ನು ಶಿಕ್ಷಕನೇ ಹುಟ್ಟಿಸಬೇಕು. ಉತ್ತರ ಒಂದೇ ವಾಕ್ಯದಲ್ಲಿ ಬರಬೇಕೆಂಬ ಹಟ ಬೇಡ. ಮಕ್ಕಳು ತರಗತಿಯಲ್ಲಿ ವಾದಿಸಲಿ.

ಶಾಂತಿ ಎಂಬ ಪದವನ್ನು ನಾವು ಭಾಷಣಗಳಲ್ಲಿ ಬಳಸಿ ಬಳಸಿ ಸವೆಸಿಬಿಟ್ಟಿದ್ದೇವೆ. ಅದರ ಅರ್ಥವನ್ನು ಮಕ್ಕಳಿಗೆ ತಿಳಿಸಲು ನನಗೆ ತೋರುವ ಸುಲಭವಾದ ಉದಾಹರಣೆ ವಿಮಾನದ ವೇಳಾಪಟ್ಟಿ. ಅದರಲ್ಲಿ ಎರಡು ದೂರದ ಊರುಗಳ ಹೆಸರು ಎದುರುಬದುರಾಗಿ ಅಚ್ಚಾಗಿ, ಮುಂದೆ ಗಂಟೆ ನಿಮಿಷಗಳು ನಮೂದಾಗಿವೆ ಎಂದರೆ, ನಡುವಿನ ಅಷ್ಟೂ ದೇಶಗಳು ಒಬ್ಬರನ್ನೊಬ್ಬರು ತಲೆಯ ಮೇಲೆ ಹಾರಲು ಬಿಟ್ಟಿವೆ ಎಂದರ್ಥ. ಕೀವ್ ಮತ್ತು ಲಿಸ್ಬನ್‌ಗಳ ಹೆಸರು ಮತ್ತೆ ಹಾಗೆ ಒಂದೇ ಸಾಲಿನಲ್ಲಿ, 'ಐದು ಗಂಟೆ' ಎಂಬ ಸಾಮಾನ್ಯವಾದ ಅಂಕಿಯೊಡನೆ ಅಚ್ಚಾಗುವ ದಿನ ಬೇಗ ಬರಲೆಂದು ಹಾರೈಸುತ್ತೇನೆ. ಈ ಬಗ್ಗೆ, ಮುಖ್ಯವಾಗಿ ಇನ್ನೂ ತರಗತಿಯಲ್ಲಿರುವ ಶಿಕ್ಷಕ ಮಿತ್ರರು, ತಮ್ಮ ಅಭಿಪ್ರಾಯವನ್ನು ತಿಳಿಸಿದರೆ ಸಂತೋಷಪಡುತ್ತೇನೆ.